ಒಂದೇ ಗಾಜಿನಲ್ಲಿ ಎರಡು ವಾಲ್ವ್: ಓದುಗರ ಪ್ರಶ್ನೆ, ಬಳ್ಳಾರಿ ರಿಪೇರಿ ಅಂಗಡಿಯ ಉತ್ತರ

ಹೋದ ಸಂಚಿಕೆಯಲ್ಲಿ ಹಳೆಯ ಮೈಕ್ ಸೆಟ್ ಬಗ್ಗೆ ಒಂದು ಪುಟ್ಟ ಉತ್ತರ ಬರೆದಿದ್ದೆ. ಅದಾದ ಮೇಲೆ ಬಂದ ಕಾಗದಗಳಲ್ಲಿ ಜಾಸ್ತಿ ಪಾಲು ಒಂದೇ ಸಾಮಾನಿನ ಬಗ್ಗೆ ಇವೆ. ಒಂಬತ್ತು ಕಾಲಿನ, ಹೆಬ್ಬೆರಳಿನ ಗಾತ್ರದ ಗಾಜಿನ ವಾಲ್ವ್. ಇಸಿಸಿ 83 ಮತ್ತು ಅದರ ಅಣ್ಣತಮ್ಮಂದಿರು. ಹಾಗಾಗಿ ಈ ಸಲದ ಪುಟವೆಲ್ಲ ಅದಕ್ಕೇ.

ನಮ್ಮ ತಾತ ಊರಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಅಟ್ಟದ ಮೇಲೆ ಅವರ ಆಂಪ್ಲಿಫೈಯರ್ ಸಿಕ್ಕಿದೆ. ಒಳಗೆ ಮೂರು ಸಣ್ಣ ಗಾಜಿನ ಬುರುಡೆ, ಎರಡು ದೊಡ್ಡವು. ಸಣ್ಣದರ ಮೇಲೆ ಇಸಿಸಿ 83 ಅಂತ ಮಾಸಿದ ಅಕ್ಷರ ಇದೆ. ಒಳಗೆ ಒಂದೇ ಥರದ ಎರಡು ತಗಡಿನ ಡಬ್ಬಿ ಕಾಣುತ್ತವೆ. ಏನಿದು? ಎರಡು ಯಾಕೆ? ಕರೆಂಟ್ ಕೊಟ್ಟು ನೋಡಬಹುದಾ?
— ಓದುಗರೊಬ್ಬರು, ಗಂಗಾವತಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಕರೆಂಟ್ ಕೊಡಬೇಡಿ. ಈಗಲೇ ಬೇಡ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಗಂಗಾವತಿಯವರು. ತುಂಗಭದ್ರಾ ಎಡದಂಡೆ ಕಾಲುವೆಯ ತೂಬು ನೋಡಿರುತ್ತೀರಿ. ತೂಬಿನ ಬಾಗಿಲು ಎತ್ತಲು ಒಬ್ಬ ಆಳು ಸಾಕು. ಆದರೆ ಅವನು ಬಾಗಿಲನ್ನು ಒಂದು ಗೇಣು ಎತ್ತಿದರೆ ನೂರಾರು ಎಕರೆ ಗದ್ದೆಗೆ ನೀರು ಹರಿಯುತ್ತದೆ. ವಾಲ್ವ್ ಮಾಡುವುದೂ ಅದೇ ಕೆಲಸ. ನಡುವೆ ಒಂದು ಸಣ್ಣ ಕೊಳವೆ ಇದೆ, ಅದು ಕ್ಯಾಥೋಡ್. ಅದರೊಳಗೆ ಹೀಟರ್ ತಂತಿ. ತಂತಿ ಕಾದಾಗ ಕ್ಯಾಥೋಡಿನ ಮೈಗೆ ಬಳಿದ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡಿನಿಂದ ಎಲೆಕ್ಟ್ರಾನುಗಳು ಹೊರಗೆ ಬರುತ್ತವೆ. ನಿಮಗೆ ಹೊರಗಿನಿಂದ ಕಾಣುವ ಬೂದು ಡಬ್ಬಿಯೇ ಪ್ಲೇಟ್. ಅದಕ್ಕೆ 100ರಿಂದ 250 ವೋಲ್ಟ್ ತನಕ ಪಾಸಿಟಿವ್ ಕೊಟ್ಟಿರುತ್ತಾರೆ. ಹಾಗಾಗಿ ಎಲೆಕ್ಟ್ರಾನುಗಳು ಅದರ ಕಡೆಗೆ ಓಡುತ್ತವೆ. ಇವೆರಡರ ನಡುವೆ ಕೂದಲಿಗಿಂತ ಸಣ್ಣ ತಂತಿಯ ಸುರುಳಿ ಒಂದಿದೆ. ಅದೇ ಗ್ರಿಡ್, ಅದೇ ತೂಬಿನ ಬಾಗಿಲು. ಅದರ ಮೇಲಿನ ವೋಲ್ಟೇಜ್ ಚೂರು ಅಲುಗಿದರೆ ಪ್ಲೇಟಿನ ಕಡೆ ಹರಿಯುವ ಕರೆಂಟ್ ತುಂಬಾ ಅಲುಗುತ್ತದೆ. ಈ ಮೂರನ್ನು ಸೇರಿಸಿ ಟ್ರಯೋಡ್ ಅನ್ನುತ್ತಾರೆ. ಅಮೆರಿಕದ ಲೀ ಡಿ ಫಾರೆಸ್ಟ್ 1906ರಲ್ಲಿ ಮಾಡಿದ ಆಡಿಯಾನ್ ಇದರ ಮೂಲ.

ನಿಮ್ಮ ಬುರುಡೆಯಲ್ಲಿ ಇಂಥ ಟ್ರಯೋಡ್ ಎರಡಿವೆ. ಹೆಸರಲ್ಲೇ ಅದು ಇದೆ. ಯುರೋಪಿನ ಲೆಕ್ಕದಲ್ಲಿ 'ಇ' ಅಂದರೆ 6.3 ವೋಲ್ಟಿನ ಹೀಟರ್. 'ಸಿ' ಅಂದರೆ ಟ್ರಯೋಡ್. ಎರಡು 'ಸಿ' ಬಂದರೆ ಎರಡು ಟ್ರಯೋಡ್. 83ರಲ್ಲಿನ 8 ಒಂಬತ್ತು ಕಾಲಿನ ಬೇಸ್ ಅನ್ನುವುದರ ಗುರುತು. ಇದೇ ವಾಲ್ವಿಗೆ ಅಮೆರಿಕದವರು 12 ಎಎಕ್ಸ್ 7 ಅಂತಾರೆ. ಆರ್‌ಸಿಎ ಕಂಪನಿ ಅದನ್ನು ಮಾರುಕಟ್ಟೆಗೆ ಬಿಟ್ಟಿದ್ದು 1947ರಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಮೊದಲ ಟ್ರಾನ್ಸಿಸ್ಟರ್ ಕೆಲಸ ಮಾಡಿತು. ವಾಲ್ವಿನ ಕಾಲ ಮುಗಿಸುವ ಸಾಮಾನು ಹುಟ್ಟಿದ ವರ್ಷವೇ ಈ ವಾಲ್ವೂ ಹುಟ್ಟಿತು, ಇಂದಿಗೂ ತಯಾರಾಗುತ್ತಿದೆ. ನನಗೆ ಇದು ದೊಡ್ಡ ಮಾತು.

ಎರಡು ಯಾಕೆ ಅಂದರೆ, ಒಂದು ಸಾಲುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಮೈಕಿನಿಂದ ಬರುವುದು ಸುಮಾರು 2 ಮಿಲಿವೋಲ್ಟ್ ಅಂತ ಇಟ್ಟುಕೊಳ್ಳಿ. ಸಾಮಾನ್ಯ ಸರ್ಕ್ಯೂಟಿನಲ್ಲಿ ಇಸಿಸಿ 83ರ ಒಂದು ಅರ್ಧ ಅದನ್ನು 54 ಪಟ್ಟು ಮಾಡುತ್ತದೆ. ಅಂದರೆ 0.1 ವೋಲ್ಟ್ ಚಿಲ್ಲರೆ. ಎರಡನೇ ಅರ್ಧ ಮತ್ತೆ 54 ಪಟ್ಟು ಮಾಡಿದರೆ 5.8 ವೋಲ್ಟ್. ಇಎಲ್ 84 ಥರದ ಔಟ್‌ಪುಟ್ ವಾಲ್ವಿಗೆ ಅಷ್ಟು ಸಾಕು. ಮೈಕ್ ಮುಂದೆ ನಿಂತವನ ಉಸಿರು ಹಾರ್ನಿಗೆ ಮುಟ್ಟುವ ದಾರಿಯಲ್ಲಿ ಮುಕ್ಕಾಲು ಕೆಲಸ ಈ ಹೆಬ್ಬೆರಳ ಗಾತ್ರದ ಗಾಜಿನಲ್ಲಿ ಮುಗಿದಿರುತ್ತದೆ. ಎರಡು ಬೇರೆ ಬೇರೆ ವಾಲ್ವ್ ಹಾಕಿದ್ದರೆ ಎರಡು ಸಾಕೆಟ್, ಎರಡು ಪಟ್ಟು ಜಾಗ ಬೇಕಿತ್ತು.

ನಿಮ್ಮ ಸೆಟ್ಟಿನ ದೊಡ್ಡ ವಾಲ್ವುಗಳು ಎರಡಿವೆ ಅಂದಿರಿ. ಆ ಥರದ ಸೆಟ್ಟಿನಲ್ಲಿ ಅವು ಜೋಡಿಯಾಗಿ ಕೆಲಸ ಮಾಡುತ್ತವೆ. ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕುವಾಗ ಒಬ್ಬರದು ಮೇಲೆ, ಇನ್ನೊಬ್ಬರದು ಕೆಳಗೆ ಇರುತ್ತದಲ್ವಾ, ಹಾಗೆ. ಅವುಗಳಿಗೆ ಒಂದಕ್ಕೊಂದು ಉಲ್ಟಾ ಇರುವ ಎರಡು ಸಿಗ್ನಲ್ ಕೊಡಬೇಕು. ಆ ಕೆಲಸಕ್ಕೂ ಸಾಮಾನ್ಯವಾಗಿ ಜೋಡಿ ಟ್ರಯೋಡೇ ಹಾಕುತ್ತಾರೆ. ಮೂರನೇ ಸಣ್ಣ ವಾಲ್ವ್ ಅದಕ್ಕೇ ಇರಬೇಕು.

ಈಗ ಕರೆಂಟ್ ವಿಷಯ. ಇಷ್ಟು ವರ್ಷ ಸುಮ್ಮನೆ ಕೂತ ಸೆಟ್ಟಿನಲ್ಲಿ ಫಿಲ್ಟರ್ ಕಂಡೆನ್ಸರ್, ಅಂದರೆ ಡಿಸಿಯ ಏರಿಳಿತ ಸಮ ಮಾಡುವ ಸಾಮಾನು, ಒಣಗಿರುತ್ತದೆ. ನೇರ 230 ವೋಲ್ಟ್ ಕೊಟ್ಟರೆ ಅದು ಸಿಡಿಯಬಹುದು, ಅದರ ಜೊತೆಗೆ ಟ್ರಾನ್ಸ್‌ಫಾರ್ಮರ್ ಕೂಡ ಹೋಗಬಹುದು. ವಾಲ್ವ್ ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ, ಸುತ್ತಿಸಬೇಕು. ಗೊತ್ತಿರುವ ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋಗಿ. ಮೊದಲು ಕಂಡೆನ್ಸರ್ ಬದಲಾಯಿಸಿ, ಆಮೇಲೆ ಸೀರೀಸ್ ಬೋರ್ಡಿನಲ್ಲಿ 60 ವ್ಯಾಟಿನ ಬಲ್ಬ್ ಹಾಕಿ, ಆ ಬಲ್ಬಿನ ಮೂಲಕವೇ ಸೆಟ್ಟಿಗೆ ಕರೆಂಟ್ ಕೊಡಲಿ. ಬಲ್ಬ್ ಒಮ್ಮೆ ಹೊತ್ತಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ, ಅಲ್ಲಿಗೇ ಆಫ್ ಮಾಡಬೇಕು.

ಇನ್ನೂ ಒಂದು. ಪ್ಲಗ್ ಕಿತ್ತ ಮೇಲೂ ಕಂಡೆನ್ಸರಿನಲ್ಲಿ 300 ವೋಲ್ಟ್ ಡಿಸಿ ಕೂತಿರುತ್ತದೆ. ನಾನು ಹುಡುಗನಾಗಿದ್ದಾಗ ಒಂದು ಸಲ ಬಲಗೈ ಮಣಿಕಟ್ಟಿನ ತನಕ ಮರಗಟ್ಟಿತ್ತು, ಸಂಜೆ ತುತ್ತು ಎತ್ತಲು ಆಗಲಿಲ್ಲ. 10 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟೆನ್ಸಿನಿಂದ ಅದನ್ನು ಖಾಲಿ ಮಾಡಿ, ಮೀಟರ್ ಇಟ್ಟು ಸೊನ್ನೆ ನೋಡಿ, ಆಮೇಲೆ ಕೈ ಹಾಕಬೇಕು. ಟ್ರಾನ್ಸ್‌ಫಾರ್ಮರ್ ಇಲ್ಲದ ಅಗ್ಗದ ರೇಡಿಯೋಗಳೂ ಬರುತ್ತಿದ್ದವು. ಅವುಗಳ ವಾಲ್ವಿನ ಹೆಸರು 'ಯು' ಅಕ್ಷರದಿಂದ ಶುರುವಾಗುತ್ತದೆ. ಅವುಗಳಲ್ಲಿ ಚಾಸಿಸ್ಸಿಗೇ, ಅಂದರೆ ಒಳಗಿನ ತಗಡಿನ ಚೌಕಟ್ಟಿಗೇ, ಮೇನ್ಸ್ ಕರೆಂಟ್ ಬಂದಿರಬಹುದು. ಅಂಥದ್ದು ಸಿಕ್ಕರೆ ಮನೆಯಲ್ಲಿ ಬಿಚ್ಚಲೇಬೇಡಿ.

ನನ್ನ ವಾಲ್ವ್ ಆಂಪ್ಲಿಫೈಯರಿನಲ್ಲಿ ಒಂದೇ ಸಮ ಗುಂಯ್ ಅನ್ನುವ ಶಬ್ದ, ನಡುವೆ ಗರಗರ. ರಿಪೇರಿಯವರು ಇಸಿಸಿ 83 ಎರಡು ಸಲ ಬದಲಾಯಿಸಿದರು. ಎರಡು ದಿನ ಸರಿ ಇದ್ದು ಮತ್ತೆ ಅದೇ ಕಥೆ. ಈಗ ಮೂರನೆಯದು ತನ್ನಿ ಅನ್ನುತ್ತಿದ್ದಾರೆ. ತರಲಾ?
— ಅಕ್ಕಿ ಗಿರಣಿಯ ಗುಮಾಸ್ತರು, ಸಿಂಧನೂರು

ತರಬೇಡಿ. ನಿಮ್ಮ ದುಡ್ಡು ಉಳಿಸಬೇಕು ಅಂತಲೇ ಈ ಉತ್ತರ ಉದ್ದ ಬರೆಯುತ್ತೇನೆ.

ಇಸಿಸಿ 83ರ ಪ್ರತಿ ಅರ್ಧದಲ್ಲಿ ಹರಿಯುವುದು ಒಂದು ಮಿಲಿ ಆಂಪಿಯರಿನ ಆಸುಪಾಸು, ಅಷ್ಟೇ. ದೊಡ್ಡ ಔಟ್‌ಪುಟ್ ವಾಲ್ವ್ ಥರ ಅದು ಬೆವರು ಹರಿಸುವುದಿಲ್ಲ. ಸರಿಯಾದ ಹೀಟರ್ ವೋಲ್ಟೇಜ್ ಸಿಕ್ಕರೆ ವರ್ಷಗಟ್ಟಲೆ ಬಾಳುತ್ತದೆ. ನನ್ನ ಬೆಂಚಿಗೆ 'ವಾಲ್ವ್ ಹೋಗಿದೆ' ಅಂತ ಬಂದ ಸೆಟ್ಟುಗಳಲ್ಲಿ ಹೆಚ್ಚಿನವುಗಳಲ್ಲಿ ಈ ವಾಲ್ವ್ ಚೆನ್ನಾಗಿಯೇ ಇರುತ್ತಿತ್ತು. ಹಾಳಾದದ್ದು ಅದರ ಸುತ್ತಲಿನ ಏನೋ ಒಂದು.

ಇದನ್ನು ನಾನು ಕಲಿತದ್ದು 1971ರ ಬೇಸಿಗೆಯಲ್ಲಿ. ಕೌಲ್ ಬಜಾರಿನ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಅಂಗಡಿ ನಡೆಸುವವರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಸಿರುಗುಪ್ಪದ ಕಡೆ ಒಂದು ಹಳ್ಳಿಯಲ್ಲಿ ದೊಡ್ಡಾಟ. ನಮ್ಮದೇ ಮೈಕ್ ಸೆಟ್. ರಾತ್ರಿ ಎರಡರ ಹೊತ್ತಿಗೆ, ಭೀಮನ ಪಾತ್ರಧಾರಿ ಇನ್ನೇನು ಪದ ಎತ್ತಬೇಕು, ಹಾರ್ನ್ ಗರಗರ ಅಂದು ಸತ್ತೇ ಹೋಯಿತು. ಜನ ಎದ್ದು ನಿಂತರು. ನಾನು ಓಡಿ ಹೋಗಿ ಮೊದಲ ಇಸಿಸಿ 83 ಕಿತ್ತು, ಹೊಸದು ಚುಚ್ಚಿದೆ. ಧ್ವನಿ ಬಂತು. ಹಳೆಯದನ್ನು ಸುಟ್ಟು ಹೋಯಿತು ಅಂತ ಪೆಟ್ಟಿಗೆಯ ಮೂಲೆಗೆ ಬಿಸಾಕಿದೆ. ನನಗೆ ಒಳಗೊಳಗೇ ಹೆಮ್ಮೆ.

ಒಂದು ತಾಸು ಆಗಿಲ್ಲ, ಹೊಸ ವಾಲ್ವಿನಲ್ಲೂ ಅದೇ ಗರಗರ. ಉಸ್ತಾದರು ಬಂದರು. ನಾನು ಬಿಸಾಕಿದ್ದನ್ನೇ ಎತ್ತಿಕೊಂಡರು. ಬ್ಯಾಟರಿ ಬೆಳಕಿನಲ್ಲಿ ಅದರ ಕಾಲುಗಳನ್ನು ನನಗೆ ತೋರಿಸಿದರು. ಒಂಬತ್ತು ಕಾಲೂ ಕರ್ರಗೆ ಮಾಸಿದ್ದವು. ಸಾಕೆಟ್ಟಿನ ತೂತುಗಳಲ್ಲಿ ಆ ಭಾಗದ ಎರೆ ಮಣ್ಣಿನ ದೂಳು ಎಣ್ಣೆ ಜಿಡ್ಡಿಗೆ ಅಂಟಿ ಕೂತಿತ್ತು. 'ವಾಲ್ವ್ ಸತ್ತಿಲ್ಲಪ್ಪಾ, ಅದರ ಕಾಲು ಮಾಸೈತೆ' ಅಂದರು. ಕಾಲನ್ನು ಪೆನ್ಸಿಲ್ ರಬ್ಬರಿನಿಂದ ಒಂದೊಂದಾಗಿ ಉಜ್ಜಿದರು. ಸಾಕೆಟ್ಟಿನ ಒಳಗಿನ ಪತ್ತಿಗಳನ್ನು ಸೂಜಿಯಿಂದ ಹಗುರವಾಗಿ ಒತ್ತಿ ಬಿಗಿ ಮಾಡಿದರು. ಅದೇ 'ಸತ್ತ' ವಾಲ್ವ್ ಹಾಕಿದರು. ಬೆಳಗಾಗಿ ಮಂಗಳ ಹಾಡುವ ತನಕ ಅದೇ ನಡೆಯಿತು. ನಾನು ಹೊಸದು ಹಾಕಿದಾಗ ಧ್ವನಿ ಬಂದದ್ದು ಕಿತ್ತು ಚುಚ್ಚುವಾಗ ಕಾಲು ಚೂರು ಉಜ್ಜಿದ್ದರಿಂದ. ವಾಲ್ವ್ ಹೊಸದು ಅಂತ ಅಲ್ಲ.

ನಿಮ್ಮ ಸೆಟ್ಟಿನಲ್ಲಿ ಎರಡು ದಿನ ಸರಿಯಾಗಿ ಮತ್ತೆ ಕೆಡುವುದು ಇದೇ ಲಕ್ಷಣ. ಗಿರಣಿಯ ಹತ್ತಿರ ಇದ್ದರೆ ತೌಡಿನ ದೂಳು ಬೇರೆ. ಗರಗರಕ್ಕೆ ಮೊದಲ ಮದ್ದು ಸಾಕೆಟ್ಟು ಮತ್ತು ಕಾಲು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ತೊಳೆಸಿ, ಬೆಸುಗೆಗಳನ್ನು ಮತ್ತೊಮ್ಮೆ ಕಾಯಿಸಲು ಹೇಳಿ. ಎರಡನೇ ಅನುಮಾನ ಪ್ಲೇಟಿಗೆ ಕೂಡಿಸಿದ 100 ಕಿಲೋ ಓಮಿನ ರೆಸಿಸ್ಟೆನ್ಸ್. ಹಳೆಯ ಕಾರ್ಬನ್ ಮಾಲು ವಯಸ್ಸಾದಂತೆ ಒಳಗೇ ಸದ್ದು ಮಾಡಲು ಶುರು ಮಾಡುತ್ತದೆ. ಮೆಟಲ್ ಫಿಲ್ಮ್ ಹಾಕಿಸಿ, ಕೆಲವೇ ರೂಪಾಯಿ.

ಗುಂಯ್ ಬೇರೆ ಕಾಯಿಲೆ. ಅದನ್ನು ಹಿಡಿಯಲು ಮೀಟರೂ ಬೇಡ, ಕಿವಿ ಸಾಕು. ವಾಲ್ಯೂಮ್ ಪೂರ್ತಿ ಇಳಿಸಿ. ಗುಂಯ್ ಅನ್ನುವುದು ಹಾಗೇ ಇದ್ದರೆ ದೋಷ ವಾಲ್ಯೂಮಿನ ನಂತರ, ಬಹಳ ಸಲ ಫಿಲ್ಟರ್ ಕಂಡೆನ್ಸರಿನಲ್ಲಿ. ವಾಲ್ಯೂಮಿನ ಜೊತೆ ಅದೂ ಇಳಿದರೆ ದೋಷ ಮೊದಲ ವಾಲ್ವಿನ ಕಡೆ. ಶಬ್ದದ ಗುಣವೂ ಹೇಳುತ್ತದೆ. ನಮ್ಮ ಮೇನ್ಸ್ 50 ಹರ್ಟ್ಸ್. ಹೀಟರ್ ತಂತಿಯಿಂದ ಬರುವ ಗುಂಯ್ ಅದೇ 50ರದ್ದು, ತೀರಾ ಕೆಳಗಿನ ಶ್ರುತಿ. ಕಂಡೆನ್ಸರ್ ಒಣಗಿದಾಗ ಬರುವುದು 100ರದ್ದು, ಸ್ವಲ್ಪ ಒರಟು, ಜೀರುಂಡೆ ರೆಕ್ಕೆ ಬಡಿದ ಹಾಗೆ. ಎರಡನ್ನೂ ಒಂದು ಸಲ ಪಕ್ಕಪಕ್ಕ ಕೇಳಿದರೆ ಜನ್ಮಕ್ಕೆ ಮರೆಯುವುದಿಲ್ಲ.

ಕಂಡೆನ್ಸರ್ ಬದಲಾಯಿಸುವಾಗ ಒಂದು ಎಚ್ಚರಿಕೆ. ಹಳೆಯದು 32 ಮೈಕ್ರೋಫ್ಯಾರಡ್ ಇದ್ದರೆ ಈಗ ಸಿಗುವ 47, 450 ವೋಲ್ಟಿನದು ಹಾಕಬಹುದು. ಜಾಸ್ತಿ ಇದ್ದರೆ ಒಳ್ಳೆಯದಲ್ವಾ ಅಂತ 220 ಹಾಕಬಾರದು. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಕೂಡ ವಾಲ್ವ್ ಆಗಿದ್ದರೆ ಅದು ತಡೆಯುವುದಿಲ್ಲ. ಅಂಥ ಒಂದು ರೆಕ್ಟಿಫೈಯರ್ ವಾಲ್ವ್ ಇಝಡ್ 81ಕ್ಕೆ ಮೊದಲ ಕಂಡೆನ್ಸರ್ 50ಕ್ಕಿಂತ ಜಾಸ್ತಿ ಇರಬಾರದು ಅಂತ ತಯಾರಕರೇ ಬರೆದಿದ್ದಾರೆ.

ವಾಲ್ವ್ ನಿಜವಾಗಿ ಕೆಟ್ಟಿದೆಯಾ ಅಂತ ತಿಳಿಯಲು ರಿಪೇರಿಯವರಿಗೆ ಇಷ್ಟು ಹೇಳಿ. ಸೆಟ್ ಚಾಲೂ ಇದ್ದಾಗ ಕ್ಯಾಥೋಡಿನ 1.5 ಕಿಲೋ ಓಮ್ ರೆಸಿಸ್ಟೆನ್ಸ್ ಮೇಲೆ ಡಿಸಿ ವೋಲ್ಟ್ ಅಳೆಯಲಿ. ಸಪ್ಲೈ 250 ಇದ್ದರೆ ಅಲ್ಲಿ 1.3 ವೋಲ್ಟ್ ಆಸುಪಾಸು ಬರಬೇಕು. ಪ್ಲೇಟಿನ ಮೇಲೆ 160ರ ಹತ್ತಿರ. ಈ ಎರಡು ಅಂಕಿ ಬಂದರೆ ವಾಲ್ವ್ ತನ್ನ ಕರೆಂಟ್ ತಾನು ಎಳೆಯುತ್ತಿದೆ, ಅದನ್ನು ಬದಲಾಯಿಸುವ ಕಾರಣ ಇಲ್ಲ. ಕ್ಯಾಥೋಡಿನಲ್ಲಿ ಏನೂ ಬರದೆ ಪ್ಲೇಟಿನಲ್ಲಿ ಪೂರ್ತಿ 250 ಇದ್ದರೆ ಮಾತ್ರ ವಾಲ್ವಿನ ಮೇಲೆ ಅನುಮಾನ. ಆಗಲೂ ಮೊದಲು ಹೀಟರ್ ಹೊತ್ತಿದೆಯಾ ನೋಡಬೇಕು. ಅಳೆಯುವಾಗ ಒಂದು ಕೈ ಬೆನ್ನ ಹಿಂದೆ ಇರಲಿ. ಕರೆಂಟ್ ಒಂದು ಕೈಯಿಂದ ಹತ್ತಿ ಎದೆ ದಾಟಿ ಇನ್ನೊಂದು ಕೈಯಲ್ಲಿ ಇಳಿಯಲು ದಾರಿ ಕೊಡಬಾರದು.

ಎರಡು ವಾಲ್ವಿನ ಹಣ ಕೊಟ್ಟಿದ್ದೀರಿ. ಬಿಚ್ಚಿದ ಆ ಹಳೆಯ ಎರಡನ್ನೂ ವಾಪಸ್ ಕೇಳಿ ಇಸಿದುಕೊಳ್ಳಿ. ಅವು ಚೆನ್ನಾಗಿರುವ ಸಾಧ್ಯತೆಯೇ ಜಾಸ್ತಿ.

ವಾಲ್ವಿನ ತಲೆಯ ಮೇಲೆ ಬೆಳ್ಳಿ ಬಣ್ಣ ಇರುತ್ತಿತ್ತು. ಈಗ ಹಾಲಿನ ಹಾಗೆ ಬಿಳಿ ಆಗಿದೆ. ಒರೆಸಿದರೂ ಹೋಗುತ್ತಿಲ್ಲ.
— ಓದುಗರೊಬ್ಬರು, ಮಾನ್ವಿ

ಆ ವಾಲ್ವ್ ಹೋಯಿತು. ಬೆಳ್ಳಿ ಬಣ್ಣ ಗಾಜಿನ ಒಳಗೆ ಇರುವ ಬೇರಿಯಂ. ಉಳಿದ ಚೂರುಪಾರು ಗಾಳಿಯನ್ನು ಹೀರಿಕೊಳ್ಳಲಿ ಅಂತ ಅದನ್ನು ಇಟ್ಟಿರುತ್ತಾರೆ. ಎಲ್ಲೋ ಕೂದಲೆಳೆಯ ಬಿರುಕು ಬಿಟ್ಟು ಗಾಳಿ ಒಳಗೆ ಹೋದರೆ ಅದು ಬಿಳಿ ಆಗುತ್ತದೆ. ಒಮ್ಮೆ ಆದರೆ ಮತ್ತೆ ಸರಿ ಮಾಡಲು ಬರುವುದಿಲ್ಲ. ಕಾಲು ಬಗ್ಗಿದ್ದಾಗ ಒತ್ತಿ ಚುಚ್ಚಿದರೆ ಕಾಲಿನ ಬುಡದಲ್ಲಿ ಗಾಜು ಹೀಗೆ ಬಿರುಕು ಬಿಡುತ್ತದೆ. ಮುಂದಿನದನ್ನು ನೇರ ಇಳಿಸಿ, ನೇರ ಎತ್ತಿ, ಅಲುಗಾಡಿಸಬೇಡಿ.

ನಾನು ಎಂಜಿನಿಯರಿಂಗ್ ಓದುತ್ತಿದ್ದೇನೆ. ಗಿಟಾರಿಗೆ ಸಣ್ಣ ವಾಲ್ವ್ ಪ್ರೀಆಂಪ್ ಕಟ್ಟಿದ್ದೇನೆ. ಇಸಿಸಿ 83 ಬದಲಿಗೆ ಇಸಿಸಿ 82, 81, 88 ಹಾಕಿ ನೋಡಬಹುದಾ? ಕಾಲು ಎಲ್ಲದಕ್ಕೂ ಒಂಬತ್ತೇ ಇವೆ.
— ವಿದ್ಯಾರ್ಥಿ, ಕೊಪ್ಪಳ

ನಿಮ್ಮ ಕಾಗದ ಓದಿ ತುಂಬಾ ಸಂತೋಷ ಆಯಿತು. ಇಪ್ಪತ್ತರ ಹುಡುಗರು ವಾಲ್ವಿನಲ್ಲಿ ಕೈ ಹಾಕುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ.

83, 82, 81 ಮೂರಕ್ಕೂ ಕಾಲಿನ ಜೋಡಣೆ ಒಂದೇ. 1, 2, 3 ಒಂದು ಟ್ರಯೋಡಿನ ಪ್ಲೇಟ್, ಗ್ರಿಡ್, ಕ್ಯಾಥೋಡ್. 6, 7, 8 ಇನ್ನೊಂದರದು. 4 ಮತ್ತು 5 ಹೀಟರಿನ ಎರಡು ತುದಿ, 9 ಅದರ ನಡು. 4-5ಕ್ಕೆ 12.6 ವೋಲ್ಟ್ ಕೊಡಬಹುದು. ಅಥವಾ 4, 5 ಎರಡನ್ನೂ ಕೂಡಿಸಿ, ಅದಕ್ಕೂ 9ಕ್ಕೂ ನಡುವೆ 6.3 ಕೊಡಬಹುದು. ಅದಕ್ಕೇ ಅಮೆರಿಕದ ಹೆಸರಿನಲ್ಲಿ 12 ಇದೆ, ಯುರೋಪಿನದರಲ್ಲಿ 'ಇ' ಇದೆ. ಎರಡೂ ನಿಜ.

ಬೇರೆಯಾಗುವುದು ಹಿಗ್ಗಿಸುವ ಶಕ್ತಿ. 83ರದು 100. 81ರದು 60. 82ರದು 20ಕ್ಕೂ ಸ್ವಲ್ಪ ಕಡಿಮೆ. 83ರ ಜಾಗಕ್ಕೆ 82 ಚುಚ್ಚಿದರೆ ಏನೂ ಸುಡುವುದಿಲ್ಲ, ಧ್ವನಿ ಕುಗ್ಗುತ್ತದೆ. ಆದರೆ 82 ಜಾಸ್ತಿ ಕರೆಂಟಿನಲ್ಲಿ ದುಡಿಯುವ ವಾಲ್ವ್. ಅದರ ಗುಣ ಹೊರಗೆ ಬರಬೇಕಾದರೆ ಪ್ಲೇಟು ಮತ್ತು ಕ್ಯಾಥೋಡಿನ ರೆಸಿಸ್ಟೆನ್ಸೂ ಬದಲಾಗಬೇಕು.

88 ಮಾತ್ರ ಹಾಕಬೇಡಿ. ಅದರ 9ನೇ ಕಾಲು ಹೀಟರಿನದಲ್ಲ, ಎರಡು ಅರ್ಧಗಳ ನಡುವಿನ ಪರದೆಯದು. ನೀವು 4-5ಕ್ಕೆ 12.6 ಕೊಟ್ಟಿದ್ದರೆ, 6.3ರ ಹೀಟರಿಗೆ ಎರಡು ಪಟ್ಟು ಬಿದ್ದು ಉರಿದುಹೋಗುತ್ತದೆ. 4, 5 ಕೂಡಿಸಿದ್ದರೆ ಹೊತ್ತುವುದೇ ಇಲ್ಲ. ಮೇಲಾಗಿ ಅದರ ಪ್ಲೇಟಿಗೆ 130 ವೋಲ್ಟ್ ಮಿತಿ, 83ಕ್ಕೆ 300. ಕಾಲು ಎಣಿಸಿ ವಾಲ್ವ್ ಚುಚ್ಚುವುದು ಬೇಡ. ಪ್ರತಿಯೊಂದಕ್ಕೂ ಡೇಟಾ ಶೀಟ್ ಇದೆ, ಪುಕ್ಕಟೆ ಸಿಗುತ್ತದೆ, ಓದಿ. ರಷ್ಯಾದ 6ಎನ್2ಪಿ ಕೂಡ 83ರ ಹಾಗೇ ಕೆಲಸ ಮಾಡುತ್ತದೆ, ಆದರೆ ಅದರ ಹೀಟರ್ ಜೋಡಣೆ ಬೇರೆ.

ಒಂದು ಪ್ರಯೋಗ ಮಾಡಿ ನೋಡಿ. ಸೆಟ್ ಚಾಲೂ ಇದ್ದಾಗ ವಾಲ್ವಿನ ಗಾಜಿಗೆ ಪೆನ್ಸಿಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಟಿಂಗ್ ಅಂತ ಗಂಟೆ ಹೊಡೆದ ಹಾಗೆ ಜೋರಾಗಿ ಕೇಳಿದರೆ ಅದರ ಒಳಗಿನ ಗ್ರಿಡ್ ನಡುಗುತ್ತಿದೆ. ಅಂಥದ್ದನ್ನು ಬಿಸಾಕಬೇಡಿ. ಮೊದಲ ಜಾಗದಿಂದ ತೆಗೆದು ಕೊನೆಯ ಜಾಗಕ್ಕೆ ಹಾಕಿ. ಅಲ್ಲಿ ಅದರ ಮುಂದೆ ಹೆಚ್ಚು ಹಿಗ್ಗಿಸುವವರಿಲ್ಲ, ನಡುಕ ಯಾರಿಗೂ ಕೇಳಿಸುವುದಿಲ್ಲ.

ವಾಲ್ವಿನ ಧ್ವನಿ ನಿಜವಾಗಿ ಚೆನ್ನಾಗಿರುತ್ತದಾ ಅಥವಾ ಹಳೆಯ ಕಾಲದ ಮೇಲಿನ ಪ್ರೀತಿಯಾ?
— ಹಾರ್ಮೋನಿಯಂ ಮೇಷ್ಟ್ರು, ಸಿರುಗುಪ್ಪ

ಮೇಷ್ಟ್ರೇ, ಅಳತೆಯ ಯಂತ್ರ ಇಟ್ಟು ನೋಡಿದರೆ ಇವತ್ತಿನ ಐಸಿ ಆಂಪ್ಲಿಫೈಯರ್ ಗೆಲ್ಲುತ್ತದೆ. ಅದರಲ್ಲಿ ಧ್ವನಿ ಕೆಡುವುದು ಕಡಿಮೆ. ಇದನ್ನು ಒಪ್ಪಿಕೊಂಡೇ ಮುಂದಿನದು ಹೇಳಬೇಕು.

ಟ್ರಯೋಡ್ ಧ್ವನಿ ಕೆಡಿಸುವ ರೀತಿ ಬೇರೆ. ನೀವು ಷಡ್ಜ ಹಿಡಿದರೆ ಅದು ಅದರ ಜೊತೆಗೆ ಮುಖ್ಯವಾಗಿ ಎರಡು ಪಟ್ಟಿನ ಸ್ವರವನ್ನು ಚೂರು ಬೆರೆಸುತ್ತದೆ. ಎರಡು ಪಟ್ಟು ಅಂದರೆ ಯಾವುದು? ತಾರ ಷಡ್ಜ. ನಿಮ್ಮ ಪೆಟ್ಟಿಗೆಯಲ್ಲಿ ಕಪ್ಲರ್ ಎಳೆದಾಗ ಆಗುವುದೂ ಅದೇ ಅಲ್ವಾ? ಕಿವಿಗೆ ಅದು ಅಪಸ್ವರ ಅನ್ನಿಸುವುದಿಲ್ಲ, ಧ್ವನಿ ತುಂಬಿಕೊಂಡ ಹಾಗೆ ಅನ್ನಿಸುತ್ತದೆ. ನಟ ಜೋರಾಗಿ ಕೂಗಿದಾಗ ಟ್ರಾನ್ಸಿಸ್ಟರ್ ಸೆಟ್ ಅಲೆಯ ತಲೆಯನ್ನು ಕತ್ತರಿಯಿಂದ ಕತ್ತರಿಸಿದ ಹಾಗೆ ಕತ್ತರಿಸುತ್ತದೆ. ಟ್ರಯೋಡ್ ಅದನ್ನು ಕೈಯಿಂದ ಒತ್ತಿದ ಹಾಗೆ ಮೆಲ್ಲಗೆ ಬಗ್ಗಿಸುತ್ತದೆ. ರಾಘವ ಕಲಾಮಂದಿರದಲ್ಲಿ, ಹಳ್ಳಿಯ ದೊಡ್ಡಾಟದ ಅಟ್ಟದ ಮೇಲೆ, ಜಾತ್ರೆಯ ಟೆಂಟುಗಳಲ್ಲಿ ಎರಡೂ ಥರದ ಸೆಟ್ ಹಾಕಿದ್ದೇನೆ. ರಂಗಗೀತೆ ಏರುದನಿಯಲ್ಲಿ ಹಾಡುವಾಗ ನನಗೆ ವಾಲ್ವೇ ಇಷ್ಟ. ಬರೀ ಭಾಷಣಕ್ಕಾದರೆ ಏನೂ ವ್ಯತ್ಯಾಸ ಇಲ್ಲ, ಸುಮ್ನೆ ಭಾರ ಹೊರಬೇಡಿ.

ನಮ್ಮ ತಂದೆ ರೇಡಿಯೋ ರಿಪೇರಿ ಮಾಡುತ್ತಿದ್ದರು. ತೀರಿಕೊಂಡು ಎರಡು ವರ್ಷ ಆಯಿತು. ಅವರ ಒಂದು ಟ್ರಂಕ್ ತುಂಬಾ ವಾಲ್ವ್ ಇವೆ, ಕೆಲವು ರಟ್ಟಿನ ಡಬ್ಬಿಯಲ್ಲಿ, ಕೆಲವು ಪೇಪರಿನಲ್ಲಿ ಸುತ್ತಿವೆ. ಗುಜರಿಯವನು ತೂಕಕ್ಕೆ ಕೇಳುತ್ತಿದ್ದಾನೆ. ಮನೆಯಲ್ಲಿ ಜಾಗ ಇಲ್ಲ. ಕೊಡಲಾ?
— ಶಾಲಾ ಶಿಕ್ಷಕಿ, ರಾಯಚೂರು

ಕೊಡಬೇಡಿ ತಾಯೀ. ಒಂದು ತಿಂಗಳು ತಡೆಯಿರಿ.

ಮೊದಲು, ಬಟ್ಟೆಯಿಂದ ಒರೆಸಬೇಡಿ. ಹಳೆಯ ವಾಲ್ವಿನ ಮೇಲಿನ ಅಕ್ಷರ ಬೆರಳು ತಾಗಿದರೂ ಅಳಿಸುತ್ತದೆ. ಅಕ್ಷರ ಹೋದರೆ ಅದು ಯಾವ ವಾಲ್ವ್ ಅಂತ ತಿಳಿಯುವುದು ಕಷ್ಟ. ಒಂದೊಂದನ್ನೂ ಕಾಲಿನ ಬುಡದಲ್ಲಿ ಹಿಡಿದು, ಹೆಸರು ಓದಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಅಕ್ಷರ ಮಾಸಿದ್ದರೆ ಗಾಜಿನ ಮೇಲೆ ಬಾಯಿಂದ ಹಬೆ ಊದಿ ನೋಡಿ, ಒಂದು ಗಳಿಗೆ ಕಾಣುತ್ತದೆ. ಬಿ.ಇ.ಎಲ್. ಅಂತ ಇದ್ದರೆ ಅದು ಬೆಂಗಳೂರಿನ ಜಾಲಹಳ್ಳಿಯದು. 1954ರಲ್ಲಿ ಶುರುವಾದ ಆ ಸರ್ಕಾರಿ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವ್ ಮಾಡಲು ತೊಡಗಿತು. ನಮ್ಮ ಭಾಗದ ಎಷ್ಟೋ ರೇಡಿಯೋಗಳಲ್ಲಿ ಧಾರವಾಡ ಕೇಂದ್ರ ಕೇಳಿದ್ದು ಅದೇ ವಾಲ್ವಿನಲ್ಲಿ.

ಇಸಿಸಿ 81, 82, 83, 88, ಇಎಲ್ 84, ಇಎಲ್ 34 ಬೇರೆ ಇಡಿ. ಇವುಗಳಿಗೆ ಈಗಲೂ ಬೇಡಿಕೆ ಇದೆ. ಸ್ಲೊವಾಕಿಯಾ, ರಷ್ಯಾ, ಚೀನಾದಲ್ಲಿ ಇವನ್ನು ಇಂದಿಗೂ ಹೊಸದಾಗಿ ತಯಾರಿಸುತ್ತಾರೆ. ಆದರೂ ಹಳೆಯ ಮಾಲನ್ನು ಹುಡುಕಿಕೊಂಡು ಬರುವವರಿದ್ದಾರೆ. ತಲೆ ಬಿಳಿ ಆದವುಗಳನ್ನು ತೆಗೆದುಬಿಡಿ. ಉಳಿದವನ್ನು ಮಾರಬೇಕು ಅಂತಿದ್ದರೆ ಮೊದಲು ಪರೀಕ್ಷೆ ಆಗಬೇಕು. ಇಸಿಸಿ 83ರ 4 ಮತ್ತು 5ನೇ ಕಾಲಿಗೆ ಮೀಟರ್ ಇಟ್ಟರೆ ಕೆಲವು ಓಮ್ ತೋರಿಸಬೇಕು, ಏನೂ ತೋರಿಸದಿದ್ದರೆ ಹೀಟರ್ ಕಡಿದಿದೆ. ಅಷ್ಟು ನೀವೇ ಮಾಡಬಹುದು, ಶಾಲೆಯ ವಿಜ್ಞಾನದ ಮೀಟರ್ ಸಾಕು. ಆದರೆ ಹೀಟರ್ ಸರಿ ಇದ್ದ ಮಾತ್ರಕ್ಕೆ ವಾಲ್ವ್ ಸರಿ ಅಂತಲ್ಲ. ಉಳಿದದ್ದನ್ನು ಸರ್ಕ್ಯೂಟಿನಲ್ಲಿ ಹಾಕಿಯೇ ನೋಡಬೇಕು.

ಡಬ್ಬಿಗಳ ಮೇಲೆ ನಿಮ್ಮ ತಂದೆ ಏನಾದರೂ ಬರೆದಿದ್ದಾರಾ ನೋಡಿ. ನಾವೆಲ್ಲ ಬರೆಯುತ್ತಿದ್ದೆವು. ತಾರೀಖು, ಯಾರ ಸೆಟ್ಟಿನಿಂದ ತೆಗೆದದ್ದು, 'ಒಂದು ಕಡೆ ವೀಕು', 'ಮೈಕಿಗೆ ಬೇಡ', ಹೀಗೆ. ಜೋಡಿ ಟ್ರಯೋಡಿನಲ್ಲಿ ಒಂದು ಅರ್ಧ ಸೋತರೂ ಇನ್ನೊಂದು ಅರ್ಧ ಎಷ್ಟೋ ವರ್ಷ ದುಡಿಯುತ್ತದೆ. ಅದಕ್ಕೇ ಅಂಥದ್ದನ್ನೂ ಯಾರೂ ಬಿಸಾಕುತ್ತಿರಲಿಲ್ಲ. ನನ್ನ ಉಸ್ತಾದರು ಬರೆದ ಅಂಥ ಒಂದು ಡಬ್ಬಿ ನನ್ನ ಬೆಂಚಿನ ಮೇಲೆ ಇನ್ನೂ ಇದೆ. ಪೆನ್ಸಿಲಿನಲ್ಲಿ, ಉರ್ದುವಿನಲ್ಲಿ. ಒಳಗಿನ ವಾಲ್ವನ್ನು ಯಾರಿಗೂ ಕೊಟ್ಟಿಲ್ಲ.

ಪಟ್ಟಿ ಆದ ಮೇಲೆ ಪತ್ರಿಕೆಗೆ ಬರೆಯಿರಿ, ಅವರು ನನಗೆ ತಲುಪಿಸುತ್ತಾರೆ. ಟ್ರಂಕ್ ತೆಗೆದುಕೊಂಡು ಬಳ್ಳಾರಿಗೆ ಬರುವುದಾದರೆ ಒಂದೊಂದನ್ನೂ ನಾನೇ ಪರೀಕ್ಷೆ ಮಾಡಿ ಕೊಡುತ್ತೇನೆ, ದುಡ್ಡು ಬೇಡ. ಯಾವುದನ್ನು ಮಾರಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಆಮೇಲೆ ನೀವು ನೋಡಿಕೊಳ್ಳಿ. ಮೇಲಿನ ಕೊಪ್ಪಳದ ಹುಡುಗನಿಗೆ ಎರಡು ಕೊಡುವ ಮನಸ್ಸಾದರೆ ಅದನ್ನೂ ಹೇಳಿ. ಬಸ್ಸಿನಲ್ಲಿ ಬರುವಾಗ ಟ್ರಂಕನ್ನು ಟಾಪ್ ಮೇಲೆ ಹಾಕಿಸಬೇಡಿ. ಕೆಳಗೆ ಒಂದು ಹಳೆಯ ಕೌದಿ ಹಾಸಿ, ಕಾಲ ಹತ್ತಿರ ಇಟ್ಟುಕೊಂಡು ಬನ್ನಿ.